ಹಿಂದಿನ ಬ್ರೇಕಿನಲ್ಲಿ ಗಾಳಿ, ಮುಂದಿನದರಲ್ಲಿ ಎಣ್ಣೆ

ಪ್ರಶ್ನೆ: ಸರ್, ನಾನು ಕಲಬುರಗಿಯಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ನನ್ನ ಮೌಂಟನ್ ಬೈಕಿಗೆ ಶಿಮಾನೊ ಎಂಟಿ200 ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದೆ. ಏಪ್ರಿಲ್‌ನಲ್ಲಿ ಪಂಕ್ಚರ್ ಆಯಿತು ಅಂತ ಸೈಕಲನ್ನು ಮಾಳಿಗೆ ಮೇಲೆ ಉಲ್ಟಾ ನಿಲ್ಲಿಸಿದವನು ಪರೀಕ್ಷೆ ಮುಗಿಯುವವರೆಗೆ ಮುಟ್ಟಲಿಲ್ಲ. ಎರಡು ತಿಂಗಳ ಮೇಲೆ ಕೆಳಗಿಳಿಸಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಪೂರ್ತಿ ಒರೆಸಿದೆ. ಈಗ ಹಿಂದಿನ ಬ್ರೇಕ್ ಒತ್ತಿದರೆ ಲಿವರ್ ಹ್ಯಾಂಡಲ್‌ಗೆ ತಾಗುತ್ತದೆ. ಪಟಪಟ ಅಂತ ನಾಲ್ಕು ಸಲ ಒತ್ತಿದರೆ ಗಟ್ಟಿಯಾಗುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಮೆತ್ತಗೆ. ಮುಂದಿನ ಲಿವರ್ ಗಟ್ಟಿಯಾಗೇ ಇದೆ, ಆದರೆ ಎಮ್ಮೆ ಕೂಗಿದ ಹಾಗೆ ಕೂಗುತ್ತದೆ, ಸೈಕಲ್ ಮಾತ್ರ ನಿಲ್ಲುವುದಿಲ್ಲ. ನಮ್ಮ ಓಣಿಯ ಬೈಕ್ ಮೆಕ್ಯಾನಿಕ್ ಎರಡಕ್ಕೂ ಡಾಟ್ 3 ಆಯಿಲ್ ಹಾಕಿ ಏರ್ ತೆಗೆದು ಕೊಡುತ್ತೇನೆ ಅನ್ನುತ್ತಾರೆ. ಹಾಕಿಸಲಾ? ಮುಂದಿನ ತಿಂಗಳು ಗೆಳೆಯರ ಜೊತೆ ಚಿಂಚೋಳಿ ಕಾಡಿನ ಕಡೆ ಹೋಗುವುದಿದೆ.

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಹಾಕಿಸಬೇಡಿ. ಒಂದು ಹನಿಯೂ ಬೇಡ.

ಹಾಗಂತ ನಿಮ್ಮ ಓಣಿಯ ಮೆಕ್ಯಾನಿಕ್ ಮೋಸ ಮಾಡುತ್ತಿದ್ದಾರೆ ಅಂತಲ್ಲ. ಅವರ ಕೈಗೆ ದಿನಾ ಬರುವ ಬೈಕುಗಳ ಬ್ರೇಕ್ ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಅಚ್ಚಾಗಿರುತ್ತದೆ. ಅವರಿಗೆ ಬ್ರೇಕ್ ಆಯಿಲ್ ಅಂದರೆ ಅದೇ. ನನಗೂ ಒಬ್ಬರು ಹೇಳಿದ್ದರು: "ಬ್ರೇಕ್ ಆಯಿಲ್ ಅಂದ್ರ ಬ್ರೇಕ್ ಆಯಿಲ್ ರೀ, ಅದ್ರಾಗ ಸೈಕಲ್‌ದು ಬ್ಯಾರೆ, ಬೈಕಿಂದು ಬ್ಯಾರೆ ಇರ್ತದೇನು?" ಇರುತ್ತದೆ, ಅಲ್ಲೇ ಇರುವುದು ಎಡವಟ್ಟು. ಶಿಮಾನೊ, ಟೆಕ್ಟ್ರೊ, ಮಗೂರಾ ಬ್ರೇಕುಗಳಿಗೆ ಬೇಕಾದದ್ದು ಮಿನರಲ್ ಆಯಿಲ್. ಹೇಯ್ಸ್, ಹೋಪ್, ಸ್ರ್ಯಾಮ್‌ನ ಬಹಳಷ್ಟು ಮಾದರಿಗಳಿಗೆ ಡಾಟ್. ಇವೆರಡೂ ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ಬ್ರೇಕಿನ ಒಳಗೆ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಸೀಲುಗಳಿವೆ. ಮಿನರಲ್ ಆಯಿಲ್‌ಗೆಂದು ಮಾಡಿದ ಸೀಲಿಗೆ ಡಾಟ್ ತಾಗಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಮೊದಮೊದಲು ಬ್ರೇಕ್ ಚೆನ್ನಾಗಿಯೇ ಹಿಡಿದೀತು. ಆಮೇಲೆ ಒತ್ತಿದ ಲಿವರ್ ವಾಪಸ್ ಬರುವುದು ನಿಧಾನವಾಗುತ್ತದೆ, ಕಡೆಗೆ ಸೋರುತ್ತದೆ. ಶಿಮಾನೊ ಈ ಸೀಲುಗಳನ್ನು ಬಿಡಿಯಾಗಿ ಮಾರುವುದೂ ಇಲ್ಲ. ಸೀಲ್ ಹೋಯಿತು ಅಂದರೆ ಲಿವರೂ ಕ್ಯಾಲಿಪರೂ (ಚಕ್ರದ ಪಕ್ಕ ಕೂತು, ಪ್ಯಾಡುಗಳಿಂದ ಡಿಸ್ಕನ್ನು ಹಿಡಿಯುವ ಭಾಗ) ಹೋದ ಹಾಗೆ.

ಯಾವ ಬ್ರೇಕಿಗೆ ಯಾವ ಎಣ್ಣೆ ಅಂತ ಅನುಮಾನ ಬಂದರೆ ಲಿವರಿನ ಮುಚ್ಚಳ ನೋಡಿ, ಸಾಮಾನ್ಯವಾಗಿ ಅಲ್ಲೇ ಬರೆದಿರುತ್ತದೆ. ಇನ್ನು ಮಿನರಲ್ ಆಯಿಲ್ ಅಂದ ತಕ್ಷಣ ಮೆಡಿಕಲ್ ಶಾಪಿನ ಬೇಬಿ ಆಯಿಲ್, ಹೊಲಿಗೆ ಮಷಿನ್ ಎಣ್ಣೆ ನೆನಪಾಗುತ್ತದೆ. "ನಮ್ಮ ಕುಸುಬಿ ಎಣ್ಣೆ ನಡೆಯುತ್ತಾ?" ಅಂತ ಕೇಳಿದವರೂ ಇದ್ದಾರೆ. ಯಾವುದೂ ನಡೆಯುವುದಿಲ್ಲ. ಬ್ರೇಕಿಗೆಂದೇ ಬರುವ ಶಿಮಾನೊ ಮಿನರಲ್ ಆಯಿಲ್ 100 ಮಿಲಿಯ ಬಾಟಲಿಯಲ್ಲಿ ಸಿಗುತ್ತದೆ, ಬಣ್ಣ ನಸುಗೆಂಪು. ಊರಲ್ಲಿ ಸಿಗದಿದ್ದರೆ ಆನ್‌ಲೈನ್‌ನಲ್ಲಿ ತರಿಸಿ, ಇಲ್ಲವೇ ಹೈದರಾಬಾದಿಗೆ ಹೋಗುವವರ ಕೈಗೆ ಚೀಟಿ ಕೊಡಿ. ಒಂದು ಬಾಟಲಿ ನಿಮ್ಮ ಎರಡೂ ಬ್ರೇಕಿಗೆ ಸಾಕು.

ಈಗ ನಿಮ್ಮ ಸೈಕಲಿಗೆ ಬರೋಣ. ನೀವು ಎರಡೂ ಬ್ರೇಕಿಗೆ ಒಂದೇ ಕಾಯಿಲೆ ಅಂದುಕೊಂಡಿದ್ದೀರಿ, ಮೆಕ್ಯಾನಿಕ್ ಕೂಡ ಎರಡಕ್ಕೂ ಒಂದೇ ಔಷಧ ಹೇಳಿದ್ದಾರೆ. ಆದರೆ ನೀವು ಬರೆದದ್ದನ್ನೇ ಇನ್ನೊಮ್ಮೆ ಓದಿ. ಹಿಂದಿನದರ ಲಿವರ್ ಮೆತ್ತಗೆ. ಮುಂದಿನದರ ಲಿವರ್ ಗಟ್ಟಿ, ಆದರೆ ಹಿಡಿತ ಇಲ್ಲ. ಲಿವರ್ ಮೆತ್ತಗಿದ್ದರೆ ತೊಂದರೆ ಪೈಪಿನೊಳಗೆ. ಲಿವರ್ ಗಟ್ಟಿಯಿದ್ದೂ ಸೈಕಲ್ ನಿಲ್ಲದಿದ್ದರೆ ತೊಂದರೆ ಹೊರಗೆ, ಪ್ಯಾಡಿಗೂ ಡಿಸ್ಕಿಗೂ ನಡುವೆ. ಮುಂದಿನ ಬ್ರೇಕಿನಲ್ಲಿ ಎಣ್ಣೆ ಎಷ್ಟು ಸಲ ಬದಲಿಸಿದರೂ ಆ ಎಮ್ಮೆ ಕೂಗುತ್ತಲೇ ಇರುತ್ತದೆ. ಸುಮ್ನೆ ದುಡ್ಡು ದಂಡ.

ಹಿಂದಿನ ಬ್ರೇಕ್ ಮೊದಲು ನೋಡೋಣ. ನೀವು ಲಿವರ್ ಒತ್ತಿದಾಗ ಒಳಗಿನ ಸಣ್ಣ ಪಿಸ್ಟನ್ ಎಣ್ಣೆಯನ್ನು ತಳ್ಳುತ್ತದೆ. ಆ ಒತ್ತಡ ಪೈಪಿನಲ್ಲಿ ಹಾದು ಕ್ಯಾಲಿಪರಿನ ದೊಡ್ಡ ಪಿಸ್ಟನ್‌ಗಳಿಗೆ ಹೋಗುತ್ತದೆ. ಜೆಸಿಬಿ ತೋಳು ಕಲ್ಲು ಎತ್ತುವುದೂ ಇದೇ ಲೆಕ್ಕದಲ್ಲಿ. ಎಣ್ಣೆ ಒತ್ತಿದರೆ ಕುಗ್ಗುವುದಿಲ್ಲ ಅನ್ನುವ ನಂಬಿಕೆ ಮೇಲೆ ಇದೆಲ್ಲ ನಿಂತಿದೆ. ಗಾಳಿ ಕುಗ್ಗುತ್ತದೆ. ಪೈಪಿನಲ್ಲಿ ಒಂದು ಗುಳ್ಳೆ ಸೇರಿದರೆ ನಿಮ್ಮ ಕೈ ಬಲ ಆ ಗುಳ್ಳೆಯನ್ನು ಹಿಸುಕುವುದಕ್ಕೇ ಖರ್ಚಾಗುತ್ತದೆ. ಪಟಪಟ ಒತ್ತಿದಾಗ ಮೇಲಿನ ಡಬ್ಬಿಯಿಂದ ಇನ್ನಷ್ಟು ಎಣ್ಣೆ ಕೆಳಗಿಳಿದು ಸ್ವಲ್ಪ ಹೊತ್ತು ಗಟ್ಟಿಯಾಗುತ್ತದೆ, ಬಿಟ್ಟರೆ ಮತ್ತೆ ಮೊದಲಿನಂತೆ. ನೀವು ಹೇಳಿದ್ದು ಇದೇ ಅಲ್ವಾ?

ಗಾಳಿ ಬಂದದ್ದೆಲ್ಲಿಂದ? ಉಲ್ಟಾ ನಿಲ್ಲಿಸಿದ್ದರಿಂದ. ಲಿವರಿನ ಪಕ್ಕದ ಎಣ್ಣೆ ಡಬ್ಬಿಯಲ್ಲಿ ಒಂದಿಷ್ಟು ಗಾಳಿ ಇರುವುದು ಸಾಮಾನ್ಯ. ಸೈಕಲ್ ನೆಟ್ಟಗಿದ್ದಾಗ ಅದು ಡಬ್ಬಿಯ ತುದಿಯಲ್ಲಿ ತಣ್ಣಗೆ ಕೂತಿರುತ್ತದೆ. ಸೈಕಲ್ ತಲೆಕೆಳಗಾದಾಗ ಡಬ್ಬಿ ಕೆಳಗೆ, ಕ್ಯಾಲಿಪರ್ ಮೇಲೆ. ಗಾಳಿ ಯಾವತ್ತೂ ಮೇಲಕ್ಕೇ ಹೋಗುವುದು, ಪೈಪಿನ ದಾರಿ ಹಿಡಿಯಿತು. ಪಂಕ್ಚರ್ ತೆಗೆಯಲು ಅರ್ಧ ಗಂಟೆ ಉಲ್ಟಾ ಮಾಡಿದರೆ ಏನೂ ಆಗುವುದಿಲ್ಲ, ಮತ್ತೆ ನೆಟ್ಟಗೆ ಮಾಡಿದಾಗ ಲಿವರ್ ಒತ್ತಿ ನೋಡಿದರಾಯಿತು. ಎರಡು ತಿಂಗಳು ಅಂದರೆ ಬೇರೆ ಮಾತು.

ಏರ್ ತೆಗೆಯುವ ಮೊದಲು ಚಕ್ರ ಬಿಚ್ಚಿ ಹಿಂದಿನ ಪ್ಯಾಡ್ ಎಷ್ಟು ಉಳಿದಿದೆ ನೋಡಿಬಿಡಿ. ಲೋಹದ ತಗಡಿನ ಮೇಲಿನ ಪದರ 0.5 ಮಿಮೀಗೆ ಇಳಿದಿದ್ದರೆ ಪ್ಯಾಡ್ ಮುಗಿಯಿತು. ಪ್ಯಾಡ್ ಚೆನ್ನಾಗಿದ್ದರೆ ಚಕ್ರ ಹಾಕಿ ಮೊದಲು ಬಿಟ್ಟಿ ಚಿಕಿತ್ಸೆ ಮಾಡಿ. ಹ್ಯಾಂಡಲ್ ಕಡೆ ಎತ್ತರವಾಗಿ, ಹಿಂದಿನ ಚಕ್ರ ತಗ್ಗಾಗಿ ಇರುವಂತೆ ಸೈಕಲನ್ನು ಗೋಡೆಗೆ ಆನಿಸಿ. ಲಿವರನ್ನು ಹತ್ತಿಪ್ಪತ್ತು ಸಲ ಒತ್ತಿ ಬಿಡಿ, ಪೈಪನ್ನು ಬೆರಳಿನಿಂದ ಕೆಳಗಿನಿಂದ ಮೇಲಕ್ಕೆ ತಟ್ಟುತ್ತಾ ಬನ್ನಿ. ಆಮೇಲೆ ಲಿವರನ್ನು ಹಳೆ ಟ್ಯೂಬಿನ ತುಂಡಿನಿಂದ ಬಿಗಿಯಾಗಿ ಕಟ್ಟಿ ರಾತ್ರಿ ಹಾಗೇ ಬಿಡಿ, ಬೆಳಿಗ್ಗೆ ಬಿಚ್ಚಿ. ಕೆಲವು ಸಲ ಗುಳ್ಳೆ ತಾನಾಗಿ ಡಬ್ಬಿಗೆ ಏರಿಬಿಡುತ್ತದೆ. ಇದರಿಂದ ಗುಣವಾದರೂ ಡಬ್ಬಿಯೊಳಗೆ ಗಾಳಿ ಇದ್ದೇ ಇರುತ್ತದೆ ಅನ್ನುವುದು ಮರೆಯಬೇಡಿ. ಕಾಡಿಗೆ ಹೋಗುವ ಮೊದಲು ಅದನ್ನು ಹೊರಗೆ ಹಾಕಲೇಬೇಕು.

ಪೂರ್ತಿ ಏರ್ ತೆಗೆಯುವುದಕ್ಕೆ ಬೇಕಾದ ಸಾಮಾನು ಕಡಿಮೆ. ಲಿವರ್ ಮೇಲೆ ಕೂರಿಸುವ ಶಿಮಾನೊ ಬಟ್ಟಲು, ಒಂದು ಹೊಸ ಸಿರಿಂಜ್, ಅದಕ್ಕೊಂದು ಪಾರದರ್ಶಕ ಪೈಪ್ (ಮೀನಿನ ತೊಟ್ಟಿಗೆ ಗಾಳಿ ಬಿಡುವ ಸಣ್ಣ ಪೈಪ್ ಹೊಂದುತ್ತದೆ), 7 ಮಿಮೀ ಪಾನಾ, ಅಲೆನ್ ಕೀ, ಹಳೆ ಬನಿಯನ್ ಬಟ್ಟೆ. ಚಕ್ರವನ್ನೂ ಪ್ಯಾಡುಗಳನ್ನೂ ತೆಗೆದು ಬೇರೆ ಕೋಣೆಯಲ್ಲಿಡಿ. ಇದು ತಮಾಷೆ ಅಲ್ಲ. ಒಂದು ಹನಿ ಎಣ್ಣೆ ಪ್ಯಾಡಿಗೆ ಸಿಡಿದರೆ ಹಿಂದಿನದೂ ಮುಂದಿನದರ ಜೊತೆ ಕೂಗಲು ಶುರುಮಾಡುತ್ತದೆ. ಪ್ಯಾಡಿನ ಜಾಗಕ್ಕೆ ಬ್ರೇಕಿನ ಜೊತೆ ಬರುವ ಹಳದಿ ಪ್ಲಾಸ್ಟಿಕ್ ತುಂಡು ಹಾಕಿ, ಪಿಸ್ಟನ್ ಹೊರಗೆ ಬರದಂತೆ ಅದು ತಡೆಯುತ್ತದೆ.

ಲಿವರನ್ನು ನೆಲಕ್ಕೆ ಸಮವಾಗಿ ತಿರುಗಿಸಿ, ಮೇಲಿನ ಸಣ್ಣ ಸ್ಕ್ರೂ ಬಿಚ್ಚಿ. ಅದರ ಕೆಳಗೆ ಕೂದಲಿನಂಥ ಒಂದು ಒ-ರಿಂಗ್ (ರಬ್ಬರ್ ಬಳೆ) ಇರುತ್ತದೆ, ಕಳೆದುಕೊಳ್ಳಬೇಡಿ. ಬಟ್ಟಲು ಕೂರಿಸಿ ಸ್ವಲ್ಪ ಎಣ್ಣೆ ಹಾಕಿ. ಸಿರಿಂಜಿನಲ್ಲಿ ಎಣ್ಣೆ ತುಂಬಿ, ಅದರ ಗಾಳಿ ಬಿಟ್ಟು, ಪೈಪನ್ನು ಕ್ಯಾಲಿಪರಿನ ನಿಪ್ಪಲಿಗೆ (ಪಾನಾದಿಂದ ತೆರೆದು ಮುಚ್ಚುವ ಸಣ್ಣ ಕೊಳವೆ ಬಾಯಿ) ಸಿಕ್ಕಿಸಿ. ನಿಪ್ಪಲನ್ನು ಎಂಟನೇ ಒಂದು ಸುತ್ತು ಸಡಿಲಿಸಿ, ನಿಧಾನಕ್ಕೆ ಎಣ್ಣೆ ತಳ್ಳಿ. ಮೇಲೆ ಬಟ್ಟಲಿನಲ್ಲಿ ಗುಳ್ಳೆಗಳು ಏಳುವುದು ಕಾಣುತ್ತದೆ, ಎಣ್ಣೆ ಕಪ್ಪಗೂ ಬರಬಹುದು. ಗುಳ್ಳೆ ನಿಂತ ಮೇಲೆ ನಿಪ್ಪಲ್ ಮುಚ್ಚಿ. ಈ ಹಂತದಲ್ಲಿ ಆಸೆ ತಡೆಯಲಾಗದೆ ಲಿವರನ್ನು ಪದೇಪದೇ ಒತ್ತುವವರೇ ಜಾಸ್ತಿ. ಒತ್ತಬೇಡಿ, ಕ್ಯಾಲಿಪರಿನಲ್ಲಿ ಉಳಿದ ಗಾಳಿ ಅಲ್ಲೇ ಅಂಟಿಕೊಳ್ಳುತ್ತದೆ.

ಆಮೇಲೆ ಸಿರಿಂಜ್ ತೆಗೆದು, ಪೈಪಿನ ತುದಿಗೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿ ನಿಪ್ಪಲ್ ತೆರೆಯಿರಿ. ಎಣ್ಣೆ ತನ್ನ ಭಾರಕ್ಕೇ ಕೆಳಗಿಳಿಯುತ್ತದೆ, ಮೇಲೆ ಬಟ್ಟಲು ಬತ್ತದಂತೆ ಹಾಕುತ್ತಿರಿ. ಬಟ್ಟಲು ಬತ್ತಿದರೆ ಮತ್ತೆ ಮೊದಲಿನಿಂದ ಶುರು. ಗುಳ್ಳೆ ಬರುವುದು ನಿಂತಾಗ ನಿಪ್ಪಲ್ ಮುಚ್ಚಿ, ಲಿವರ್ ಒತ್ತಿ ಹಿಡಿದುಕೊಂಡೇ ನಿಪ್ಪಲನ್ನು ಅರ್ಧ ಸೆಕೆಂಡು ತೆರೆದು ಮುಚ್ಚಿ. ಹೀಗೆ ಎರಡು ಮೂರು ಸಲ. ಇಲ್ಲಿ ಇನ್ನೊಂದು ಕೈ ಬೇಕಾಗುತ್ತದೆ, ತಮ್ಮನನ್ನೋ ತಂಗಿಯನ್ನೋ ಕರೆಯಿರಿ. ಕೊನೆಗೆ ನಿಪ್ಪಲ್ ಬಿಗಿ ಮಾಡಿ ಲಿವರ್ ಒತ್ತುತ್ತಾ ಹೋಗಿ. ಲಿವರ್ ತುದಿಯನ್ನು ಒಮ್ಮೆ 30 ಡಿಗ್ರಿ ಕೆಳಗೆ, ಒಮ್ಮೆ ಮೇಲೆ ತಿರುಗಿಸಿಯೂ ಒತ್ತಿ ನೋಡಿ. ಅವಿತು ಕೂತ ಗುಳ್ಳೆ ಆಗ ಹೊರಬರುತ್ತದೆ. ಲಿವರ್ ಕಲ್ಲಿನ ಹಾಗೆ ಗಟ್ಟಿಯಾದರೆ ಕೆಲಸ ಆಯಿತು. ಬಟ್ಟಲಿಗೆ ಬಿರಡೆ ಹಾಕಿ ತೆಗೆದು, ಒ-ರಿಂಗ್ ಸಮೇತ ಸ್ಕ್ರೂ ಹಾಕಿ. ಆ ಸ್ಕ್ರೂಗೆ ಶಿಮಾನೊ ಹೇಳುವ ಬಿಗಿ 0.3ರಿಂದ 0.5 ನ್ಯೂಟನ್ ಮೀಟರ್ ಅಷ್ಟೇ. ಎರಡು ಬೆರಳಲ್ಲಿ ಅಲೆನ್ ಕೀ ಹಿಡಿದು ತಿರುಗಿಸಿದರೆ ಸಾಕು, ಮುಷ್ಟಿಯಲ್ಲಿ ಹಿಡಿದರೆ ಸ್ಕ್ರೂನ ಸುರುಳಿ ಹಾಳಾಗುತ್ತದೆ.

ಒಂದು ಎಚ್ಚರಿಕೆ, ಇದು ನನ್ನದೇ ಪೆದ್ದುತನದ ಕಥೆ. ಹೊಸದಾಗಿ ಕಲಿಯುವಾಗ ಪ್ಯಾಡ್ ಸವೆದಿದ್ದ ಬ್ರೇಕಿಗೆ ಡಬ್ಬಿ ತುಂಬ ಎಣ್ಣೆ ತುಂಬಿದ್ದೆ, ಪಿಸ್ಟನ್‌ಗಳನ್ನು ಒಳಗೆ ತಳ್ಳದೆಯೇ. ಪ್ಯಾಡ್ ಸವೆದಷ್ಟೂ ಪಿಸ್ಟನ್ ಮುಂದೆ ಬಂದಿರುತ್ತದೆ, ಅದರ ಹಿಂದೆ ಎಣ್ಣೆ ನಿಂತಿರುತ್ತದೆ ಅನ್ನುವುದು ಆಗ ತಲೆಗೆ ಹೋಗಿರಲಿಲ್ಲ. ಆಮೇಲೆ ಹೊಸ ಪ್ಯಾಡ್ ತುರುಕಿದೆ. ಹಿಂದೆ ಸರಿದ ಎಣ್ಣೆಗೆ ಡಬ್ಬಿಯಲ್ಲಿ ಜಾಗವೇ ಇಲ್ಲ. ಬೆಳಿಗ್ಗೆ ಶಹಾಬಾದಿಗೆ ಹೋಗುವಾಗ ಚೂರು ಉಜ್ಜುತ್ತಿದ್ದ ಬ್ರೇಕ್, ಮೇ ತಿಂಗಳ ಮಧ್ಯಾಹ್ನ ವಾಪಸ್ ಬರುವಾಗ ಚಕ್ರವನ್ನು ಪೂರ್ತಿ ಹಿಡಿದು ಕೂತಿತು. ಬಿಸಿಗೆ ಎಣ್ಣೆ ಹಿಗ್ಗುತ್ತದೆ, ನಮ್ಮ ಬಿಸಿಲು ಗೊತ್ತಲ್ಲ. ರಸ್ತೆ ಬದಿಯ ಬೇವಿನ ಮರದ ಕೆಳಗೆ ಲಿವರಿನ ಸ್ಕ್ರೂ ಸಡಿಲಿಸಿ ನಾಲ್ಕು ಹನಿ ಬಿಟ್ಟ ಮೇಲೆ ಚಕ್ರ ತಿರುಗಿತು. ಅದಕ್ಕೇ ಹೇಳುವುದು, ಎಣ್ಣೆ ಹಾಕುವ ಮೊದಲು ಪಿಸ್ಟನ್‌ಗಳನ್ನು ಒಳಗೆ ತಳ್ಳಿ. ತಳ್ಳುವುದಕ್ಕೆ ಪ್ಲಾಸ್ಟಿಕ್ ಟೈರ್ ಲಿವರ್ (ಟೈರ್ ಬಿಚ್ಚುವ ಪಟ್ಟಿ) ಬಳಸಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಪಿಸ್ಟನ್ ಒಡೆಯಬಹುದು.

ಈಗ ಮುಂದಿನ ಬ್ರೇಕ್. ತುಕ್ಕಿನ ಸ್ಪ್ರೇ ಹೊಡೆದೆ ಅಂದಿರಲ್ಲ, ಅಲ್ಲಿಗೆ ಕಳ್ಳ ಸಿಕ್ಕ. ಆ ಸ್ಪ್ರೇಯಲ್ಲಿ ಎಣ್ಣೆ ಇರುತ್ತದೆ. ಡಿಸ್ಕ್ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಕೂತರೂ ಮೊದಲ ಸಲ ಬ್ರೇಕ್ ಹಿಡಿದಾಗಲೇ ಪ್ಯಾಡ್ ಅದನ್ನು ಹೀರಿಕೊಳ್ಳುತ್ತದೆ. ಒರೆಸಿದ ಬಟ್ಟೆಯೂ ಚೈನ್ ಒರೆಸಿದ್ದೇ ಆಗಿದ್ದರೆ ಇನ್ನೂ ಚೆಂದ.

ಡಿಸ್ಕ್ ಸರಿಮಾಡುವುದು ಸುಲಭ. ಐಸೊಪ್ರೊಪೈಲ್ ಆಲ್ಕೊಹಾಲ್ ತನ್ನಿ, ಮೊಬೈಲ್ ರಿಪೇರಿ ಮಾಡುವವರು ಇದನ್ನೇ ಬಳಸುತ್ತಾರೆ, ಎಲ್ಲಿ ಸಿಗುತ್ತದೆ ಅಂತ ಅವರನ್ನೇ ಕೇಳಿ. ಹೊಸ ಬಟ್ಟೆಗೆ ಹಾಕಿ ಎರಡೂ ಬದಿ ಒರೆಸಿ. ಬಟ್ಟೆಯ ಅದೇ ಜಾಗದಿಂದ ಮತ್ತೆ ಒರೆಸಬೇಡಿ, ಮಡಿಸುತ್ತಾ ಹೋಗಿ. ಬಟ್ಟೆಗೆ ಕಪ್ಪು ಅಂಟುವುದು ನಿಲ್ಲುವವರೆಗೆ ಮಾಡಿ. ಹಾಗೆಯೇ ಡಿಸ್ಕ್ ದಪ್ಪವನ್ನೂ ನೋಡಿ. ಶಿಮಾನೊ ಡಿಸ್ಕ್ ಹೊಸದರಲ್ಲಿ 1.8 ಮಿಮೀ ಇರುತ್ತದೆ, 1.5ಕ್ಕೆ ಇಳಿದರೆ ಬದಲಿಸಬೇಕು.

ಪ್ಯಾಡಿನದೇ ತಲೆನೋವು. ಮೇಲ್ಮೈಯನ್ನು ಸ್ಯಾಂಡ್ ಪೇಪರ್ ಮೇಲೆ ಉಜ್ಜಿ, ಆಲ್ಕೊಹಾಲ್‌ನಿಂದ ಒರೆಸಿ ನೋಡಬಹುದು. ಎಣ್ಣೆ ಮೇಲಷ್ಟೇ ಇದ್ದರೆ ಸರಿಹೋಗುತ್ತದೆ. ಉಜ್ಜುವಾಗ ಪುಡಿ ಮೂಗಿಗೆ ಹೋಗದಂತೆ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ. ಪ್ಯಾಡನ್ನು ಗ್ಯಾಸ್ ಒಲೆ ಮೇಲೆ ಸುಟ್ಟು ಎಣ್ಣೆ ಹೊರಡಿಸುವ ಉಪಾಯವನ್ನೂ ನಿಮಗೆ ಯಾರಾದರೂ ಹೇಳಿಯಾರು. ನಿಮ್ಮ ಬ್ರೇಕಿನದು ರೆಸಿನ್ ಪ್ಯಾಡ್. ಅದನ್ನು ಸುಟ್ಟರೆ ಪದರ ಕಟ್ಟಿರುವ ಅಂಟೇ ಹಾಳಾಗುತ್ತದೆ, ಅಡುಗೆಮನೆ ತುಂಬ ಕೆಟ್ಟ ಹೊಗೆ, ಮೇಲೆ ಅಮ್ಮನ ಬೈಗುಳ. ನನ್ನ ಕೇಳಿದರೆ ಹೊಸ ಪ್ಯಾಡ್ ತಂದುಬಿಡಿ. ಬ್ರೇಕಿನ ಭಾಗಗಳಲ್ಲಿ ಕಡಿಮೆ ಬೆಲೆಯದು ಇದೇ. ಪೆಟ್ಟಿಗೆ ಮೇಲೆ ಬಿ01ಎಸ್ ಅಥವಾ ಬಿ05ಎಸ್ ಅಂತಿದ್ದರೆ ನಿಮ್ಮದಕ್ಕೆ ಹೊಂದುತ್ತದೆ. ಅನುಮಾನವಿದ್ದರೆ ಹಳೆಯದನ್ನು ಪಕ್ಕಕ್ಕಿಟ್ಟು ಆಕಾರ ನೋಡಿ. ಡಿಸ್ಕ್ ಮೇಲೆ "ರೆಸಿನ್ ಪ್ಯಾಡ್ ಓನ್ಲಿ" ಅಂತ ಇಂಗ್ಲಿಷಿನಲ್ಲಿ ಕೊರೆದಿದ್ದರೆ, ಜಾಸ್ತಿ ಬಾಳಿಕೆ ಅಂತ ಆಸೆಬಿದ್ದು ಮೆಟಲ್ ಪ್ಯಾಡ್ ತರಬೇಡಿ, ಅದು ಡಿಸ್ಕನ್ನೇ ತಿಂದುಹಾಕುತ್ತದೆ.

ಹೊಸ ಪ್ಯಾಡ್ ಹಾಕುವ ಮೊದಲು ಇನ್ನೊಂದು ಪರೀಕ್ಷೆ. ಎಣ್ಣೆ ಸ್ಪ್ರೇಯಿಂದಲೇ ಬಂತೋ, ಕ್ಯಾಲಿಪರ್ ತಾನೇ ಸೋರುತ್ತಿದೆಯೋ ಅಂತ ಖಾತ್ರಿ ಮಾಡಿಕೊಳ್ಳಬೇಕು. ಪ್ಯಾಡ್ ತೆಗೆದು ಒಳಗೆಲ್ಲ ಒರೆಸಿ ಒಣಗಿಸಿ. ಹಳದಿ ತುಂಡು ಹಾಕಿ ಲಿವರ್ ಕಟ್ಟಿ ರಾತ್ರಿ ಬಿಡಿ. ಬೆಳಿಗ್ಗೆ ಪಿಸ್ಟನ್ ಸುತ್ತ ಒದ್ದೆ ಇದ್ದರೆ ಸೀಲ್ ಹೋಗಿದೆ, ಕ್ಯಾಲಿಪರ್ ಬದಲಿಸಬೇಕು. ಒಣಗಿದ್ದರೆ ನಿರಾಳ.

ಹೊಸ ಪ್ಯಾಡನ್ನು ಪಳಗಿಸಬೇಕು. ಇದನ್ನು ನಮ್ಮ ಕಡೆ ಬಹಳ ಜನ ಮಾಡುವುದೇ ಇಲ್ಲ, ಕಾರಣವೂ ಇದೆ. ಕಲಬುರಗಿ ಸಪಾಟು ಊರು. ಬ್ರೇಕ್ ಹಿಡಿಯುವುದು ಹಸು ಅಡ್ಡ ಬಂದಾಗ, ಸಿಗ್ನಲ್ ಬಂದಾಗ, ಅದೂ ಮೆಲ್ಲಗೆ. ಪ್ಯಾಡ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಅರೆಬರೆ ಉಜ್ಜಿ ಉಜ್ಜಿ ಮೇಲ್ಮೈ ಗಾಜಿನಂತೆ ನುಣುಪಾಗುತ್ತದೆ. ಆಗಲೂ ಬ್ರೇಕ್ ಕೂಗುತ್ತದೆ, ಎಣ್ಣೆ ತಾಗಿರದಿದ್ದರೂ. ಬೆಳಿಗ್ಗೆ ಆರಕ್ಕೆ ಖಾಲಿ ಇರುವ ಒಂದು ರಸ್ತೆ ನೋಡಿಕೊಳ್ಳಿ. ಗಂಟೆಗೆ 20 ಕಿಮೀ ವೇಗ ಹಿಡಿದು, ಒಂದೇ ಬ್ರೇಕನ್ನು ಒಂದೇ ಸಮ ಒತ್ತಿ ನಡಿಗೆ ವೇಗಕ್ಕೆ ಇಳಿಸಿ. ಪೂರ್ತಿ ನಿಲ್ಲಬೇಡಿ, ಚಕ್ರ ಜಾಮ್ ಆಗಲೂ ಬಿಡಬೇಡಿ. ಹೀಗೆ ಇಪ್ಪತ್ತು ಸಲ. ಮೊದಲ ಐದಾರು ಸಲ ಏನೂ ಹಿಡಿಯುವುದಿಲ್ಲ ಅನ್ನಿಸುತ್ತದೆ, ಆಮೇಲೆ ಹಿಡಿತ ಕೈಗೆ ಗೊತ್ತಾಗುತ್ತಾ ಬರುತ್ತದೆ. ಮುಗಿದ ಮೇಲೆ ಡಿಸ್ಕ್ ಮುಟ್ಟಿ ನೋಡಬೇಡಿ, ಹಂಚಿನಷ್ಟು ಕಾದಿರುತ್ತದೆ.

ಚಕ್ರ ತಿರುಗುವಾಗ ಸರ್ ಸರ್ ಅಂತ ಉಜ್ಜಿದರೆ ಕ್ಯಾಲಿಪರಿನ ಎರಡು ಬೋಲ್ಟ್ ಸಡಿಲಿಸಿ, ಲಿವರ್ ಒತ್ತಿ ಹಿಡಿದು, ಹಾಗೇ ಹಿಡಿದಿರುವಾಗ ಎರಡನ್ನೂ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಮುಕ್ಕಾಲು ಪಾಲು ಅಷ್ಟಕ್ಕೇ ಸರಿಹೋಗುತ್ತದೆ. ಒಂದು ಬದಿಯ ಪಿಸ್ಟನ್ ಮಾತ್ರ ಮುಂದೆ ಬರುತ್ತಿದ್ದರೆ ಇನ್ನೊಂದು ಧೂಳಿಗೆ ಸಿಕ್ಕಿಕೊಂಡಿದೆ ಅಂತ ಅರ್ಥ. ಶಹಾಬಾದ್, ಸೇಡಂ ಕಡೆ ಓಡಾಡುವವರಿಗೆ ಇದು ಗೊತ್ತಿರುವ ತೊಂದರೆ. ಅಲ್ಲಿಯ ಸುಣ್ಣಕಲ್ಲಿನ ಪುಡಿ ಪಿಸ್ಟನ್ ಸುತ್ತ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತದೆ. ಮಳೆಗಾಲದಲ್ಲಿ ಎರೆ ಮಣ್ಣು ಇನ್ನೂ ಕಷ್ಟ. ಕ್ಯಾಲಿಪರಿನೊಳಗೆ ತುಂಬಿ ಒಣಗಿದರೆ ಇಟ್ಟಿಗೆಯೇ. ಪ್ಯಾಡ್ ತೆಗೆದು, ಮೆಲ್ಲಗೆ ಲಿವರ್ ಒತ್ತಿ ಪಿಸ್ಟನ್‌ಗಳನ್ನು ಎರಡು ಮೂರು ಮಿಮೀ ಮಾತ್ರ ಹೊರಗೆ ತನ್ನಿ. ಕಿವಿ ಒರೆಸುವ ಹತ್ತಿ ಕಡ್ಡಿಗೆ ಒಂದು ಹನಿ ಮಿನರಲ್ ಆಯಿಲ್ ಹಚ್ಚಿ ಸುತ್ತಲೂ ಒರೆಸಿ ಒಳಗೆ ತಳ್ಳಿ. ಎರಡೂ ಸಮನಾಗಿ ಚಲಿಸುವವರೆಗೆ ಹೀಗೆ ಮಾಡಿ. ಆಮೇಲೆ ಆಲ್ಕೊಹಾಲ್‌ನಿಂದ ಒರೆಸುವುದು ಮರೆತರೆ ಮತ್ತೆ ಎಮ್ಮೆ ಕಥೆ.

ಚಿಂಚೋಳಿಗೆ ಸೈಕಲನ್ನು ಟಂಟಂನಲ್ಲೋ ಜೀಪಿನ ಮೇಲೋ ಹಾಕಿಕೊಂಡು ಹೋಗುವುದಾದರೆ ಚಕ್ರ ಬಿಚ್ಚಿದ ಕೂಡಲೇ ಪ್ಯಾಡುಗಳ ನಡುವೆ ಮಡಿಸಿದ ರಟ್ಟು ಸಿಕ್ಕಿಸಿ. ದಾರಿಯಲ್ಲಿ ಯಾರಾದರೂ ಲಿವರ್ ಒತ್ತಿದರೆ ಪ್ಯಾಡುಗಳು ಅಂಟಿಕೊಂಡು, ಇಳಿದ ಮೇಲೆ ಡಿಸ್ಕ್ ಒಳಗೆ ಹೋಗುವುದಿಲ್ಲ. ಸೈಕಲನ್ನು ಉಲ್ಟಾ ಹಾಕಿಕೊಂಡು ಹೋಗಬೇಡಿ ಅಂತ ಇನ್ನು ಹೇಳಬೇಕಾಗಿಲ್ಲ. ಹೋಗುವ ಒಂದು ವಾರ ಮೊದಲೇ ರಿಪೇರಿ ಮುಗಿಸಿ, ನಾಲ್ಕು ದಿನ ಊರಲ್ಲೇ ಓಡಿಸಿ ನೋಡಿ. ಅಲ್ಲಿ ಇಳಿಜಾರಿನಲ್ಲಿ ಬ್ರೇಕ್ ಮೇಲೆ ಬೀಳುವ ಭಾರ ಇಲ್ಲಿಯ ಸಪಾಟು ರಸ್ತೆಯ ಹಾಗಲ್ಲ. ಹಿಂದಿನ ಲಿವರ್ ಒಂದು ಸಲವಾದರೂ ಹ್ಯಾಂಡಲ್‌ಗೆ ತಾಗಿದರೆ ಆ ಸೈಕಲ್ ತೆಗೆದುಕೊಂಡು ಹೋಗಬೇಡಿ, ಗೆಳೆಯರದ್ದು ಕೇಳಿ.

ಈ ಉತ್ತರ ನಿಮ್ಮ ಕೈ ಸೇರುವ ಮೊದಲೇ ಡಾಟ್ ಹಾಕಿಸಿಬಿಟ್ಟಿದ್ದರೆ ಸೈಕಲ್ ಓಡಿಸುವುದನ್ನು ಇವತ್ತೇ ನಿಲ್ಲಿಸಿ. ಅದನ್ನು ತಕ್ಷಣ ಪೂರ್ತಿ ಹೊರತೆಗೆದು, ಹೊಸ ಮಿನರಲ್ ಆಯಿಲ್ ಎರಡು ಮೂರು ಸಲ ಹಾಯಿಸಿ ತೊಳೆಯಿರಿ. ಡಾಟ್ ಪೇಂಟನ್ನೂ ತಿನ್ನುತ್ತದೆ, ಫ್ರೇಮಿನ ಮೇಲೆ ಬಿದ್ದ ಹನಿಯನ್ನು ನೀರಿನಿಂದ ತೊಳೆಯಿರಿ. ಆಮೇಲೆ ಒಂದೆರಡು ವಾರ ಲಿವರನ್ನು ಗಮನಿಸಿ. ಒತ್ತಿ ಬಿಟ್ಟಾಗ ಟಕ್ಕನೆ ವಾಪಸ್ ಬರಬೇಕು. ತಡವರಿಸಿದರೆ ಸೀಲ್ ಉಬ್ಬಿದೆ, ಆ ಬ್ರೇಕನ್ನು ತೆಗೆದು ಹೊಸ ಎಂಟಿ200 ಹಾಕಿಸಿ. ಈ ಮಾದರಿ ಲಿವರ್, ಪೈಪ್, ಕ್ಯಾಲಿಪರ್ ಸೇರಿ, ಎಣ್ಣೆ ತುಂಬಿಕೊಂಡೇ ಸೆಟ್ ಆಗಿ ಸಿಗುತ್ತದೆ.